ಕಳ್ಳನ ಅಂಗಿ ಹೊಲಿಯುತ್ತಿದ್ದ ಮಂದಕ್ಕ

ಮಂದಕ್ಕನ ಕೈಗೆ ಸಿಕ್ಕ ಹುಂಜ ಕೂಗುತ್ತಿರಲಿಲ್ಲ. ಎರಡೂ ಕಾಲನ್ನು ಎಡಗೈಯಲ್ಲಿ ಸೇರಿಸಿ ಹಿಡಿದು, ಒಂದೇ ಏಟಿಗೆ ಮಗುಚಿ, ತೊಡೆಯ ಮೇಲೆ ಅಡ್ಡ ಹಾಕಿ, ಮೊಣಕೈಯಿಂದ ಅದುಮಿಬಿಡುತ್ತಿದ್ದರು. ರೆಕ್ಕೆ ಬಿಡಿಸಿ ಒಳಮೈಯ ಪುಕ್ಕಗಳನ್ನು ಪಟಪಟನೆ ಕಿತ್ತು ಗಾಳಿಗೆ ಬಿಡುತ್ತಿದ್ದರು. ನೀಲಿ ನರ ಕಂಡಿತೋ ಇಲ್ಲವೋ, ಸೂಜಿ ಒಳಗೆ. ಸಿರಿಂಜಿನಲ್ಲಿ ರಕ್ತ ಏರುವಾಗ ಹುಂಜದ ಕಣ್ಣಿನ ಮೇಲೆ ತೆಳುವಾದ ಬಿಳಿ ಪರದೆಯೊಂದು ಬಂದು ಹೋಗುತ್ತಿತ್ತು. ಆಮೇಲೆ ಸೂಜಿ ಎಳೆದು, ಗಾಯದ ಮೇಲೆ ಹೆಬ್ಬೆರಳು ಒತ್ತಿ, ರಕ್ತ ನಿಂತ ಮೇಲೆ ನೆಲಕ್ಕೆ ಎಸೆಯುತ್ತಿದ್ದರು. ಹುಂಜ ಒಂದು ಗಳಿಗೆ ಕುಡಿದವನ ಹಾಗೆ ತೂರಾಡಿ, ಮೈ ಕೊಡವಿ, ಏನೂ ಆಗಲೇ ಇಲ್ಲವೆಂಬಂತೆ ಕಸ ಕೆದಕಲು ಹೋಗುತ್ತಿತ್ತು.

ಅವರು ನಮ್ಮ ಎದುರು ಮನೆಗೆ ಬಾಡಿಗೆಗೆ ಬಂದ ಹೊಸತರಲ್ಲಿ, ಕೈಯಾಸರೆಗೆ ಯಾರೂ ಸಿಗದೆ, ಗೇಟಿನಲ್ಲಿ ನಿಂತಿದ್ದ ನನ್ನನ್ನೇ ಕರೆದು ಹುಂಜದ ಕಾಲು ಹಿಡಿಯಲು ಹೇಳಿದ್ದರು. ಹಿಡಿದೆ. ಅದು ನನ್ನ ಮಣಿಕಟ್ಟಿನ ಮೇಲೆ ಗೆರೆ ಎಳೆಯಿತು. ನೋವಾದದ್ದು ನನಗಾದರೂ ನಾನು ಹುಂಜಕ್ಕೆ "ಸಾರಿ" ಅಂದೆ. ಚಿಕ್ಕಂದಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದು ಹಾಗೆ ಬಾಯಿಗೆ ಬಂದುಬಿಡುತ್ತದೆ.

ಮಂದಕ್ಕ ನನ್ನ ಮುಖ ನೋಡಿದರು. "ಯಾವ ಕಾನ್ವೆಂಟು?"

ಹೇಳಿದೆ.

"ಅದಕ್ಕೇ ಮತ್ತೆ. ಹುಂಜಕ್ಕೆ ಸಾರಿ ಹೇಳೋರನ್ನ ನಾನು ಇವತ್ತೇ ನೋಡಿದ್ದು ಮಾರಾಯ್ತಿ." ಅಂದಿನಿಂದ ನನ್ನ ಹೆಸರು ಹೋಯಿತು. ಅವರ ಪಾಲಿಗೆ ನಾನು ಕಾನ್ವೆಂಟು. ಏ ಕಾನ್ವೆಂಟು, ಇಲ್ಲಿ ಬಾ. ಏ ಕಾನ್ವೆಂಟು, ನಿನ್ನ ಗಂಡ ಬಂದ್ರಾ? ಕಾನ್ವೆಂಟು, ಇದನ್ನ ನೋಡು, ವಾಂತಿ ಮಾಡ್ಬೇಡ.

ಹೆಸರು ಡಾಕ್ಟರ್ ಮಂದಾಕಿನಿ. ತೀರ್ಥಹಳ್ಳಿ ಕಡೆಯ ಮೇಷ್ಟರ ಮನೆಯವರು. ಮದುವೆಯಾಗಿರಲಿಲ್ಲ. ಪಶುವೈದ್ಯ ಓದಿ, ಆಮೇಲೆ ಇನ್ನೂ ಏನೇನೋ ಓದಿ, ದೊಡ್ಡ ಊರಿನ ದೊಡ್ಡ ಲ್ಯಾಬಿನಲ್ಲಿ ಬಹಳ ವರ್ಷ ಇದ್ದವರು. ಅಲ್ಲಿಂದ ಯಾಕೆ ಬಿಟ್ಟುಬಂದಿರಿ ಅಂತ ನಾನು ಕೇಳಿದಾಗ ಅಂಗೈ ತಿರುಗಿಸಿ ತೋರಿಸಿದ್ದರು. "ಈ ಕೈಯಿಂದ. ಪರೀಕ್ಷೆ ಮಾಡಿದ್ದು ಒಂದು ಕಡೆ ಸರಿ ಬಂದಿರ್ಲಿಲ್ಲ. ಅದೊಂದನ್ನ ಬಿಟ್ಟು ಬರೀರಿ ಅಂದ, ನಮ್ಮ ದೊಡ್ಡ ಮನುಷ್ಯ. ಎಲ್ಲರೂ ಕೂತಿದ್ರು ಮೀಟಿಂಗಲ್ಲಿ. ಎದ್ದು ಹೋಗಿ ಕೆನ್ನೆಗೆ ಕೊಟ್ಟೆ. ಕನ್ನಡಕ ಹೋಗಿ ಟೀ ಕಪ್ಪಲ್ಲಿ ಬಿತ್ತು." ಕನ್ನಡಕ ಕಪ್ಪಿಗೆ ಬಿದ್ದದ್ದನ್ನು ಹೇಳುವಾಗ ಮಾತ್ರ ಸ್ವಲ್ಪ ನಕ್ಕರು.

ಹಾಗೆ ಸಾಗರಕ್ಕೆ ಬಂದರು. ಊರ ಹೊರಗೆ, ವರದಹಳ್ಳಿ ರಸ್ತೆಯ ಕಡೆ ತಿರುಗುವ ನಮ್ಮ ಬೀದಿಯಲ್ಲಿ ಎದುರು ಮನೆ ಹಿಡಿದು, ಅಡುಗೆಮನೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಲ್ಯಾಬು ಮಾಡಿದರು. ನಾನು ಮದುವೆಗೆ ಮೊದಲು ವಿಜ್ಞಾನ ಓದಿದವಳಲ್ಲ. ಒಳಗೆ ಏನು ನಡೆಯುತ್ತದೆ ಅಂತ ಬೀದಿಯವರು ನನ್ನನ್ನು ಕೇಳುತ್ತಿದ್ದರು, ನಾನು ಮಂದಕ್ಕನನ್ನು ಕೇಳಿದೆ. ಕಾಫಿ ಲೋಟ ಹಿಡಿದೇ ಹೇಳಿದರು.

"ಫ್ಲೂ ಜ್ವರದ ವೈರಸ್ಸಿನ ಮೈ ತುಂಬ ಮುಳ್ಳು ಇರ್ತದೆ. ಆ ಮುಳ್ಳಿನ ಪ್ರೋಟೀನು ಮಾಡ್ತೀನಿ ನಾನು, ಅಷ್ಟೇ. ವೈರಸ್ಸು ಕಳ್ಳ ಅಂತಿಟ್ಕ. ನಾನು ಕಳ್ಳನ್ನ ಸಾಕೋದಿಲ್ಲ. ಅವನ ಅಂಗಿ ಹೊಲೀತೀನಿ. ಅಂಗಿನ ನಾಯಿಗೆ ಮೂಸಿಸಿದ್ರೆ, ಮುಂದೆ ಕಳ್ಳ ಬಂದಾಗ ಅದು ಬೊಗಳ್ತದಾ ಇಲ್ವಾ ಅಂತ ದೊಡ್ಡ ಲ್ಯಾಬಿನೋರು ನೋಡ್ತಾರೆ. ಬರೀ ಅಂಗಿ ಯಾರ ಮನೆನೂ ದೋಚದಿಲ್ಲ."

"ಹೊಲಿಯೋದು ಯಾರು?"

"ಸೈನಿಕ ಹುಳು ಗೊತ್ತಲ್ಲ, ಜೋಳದ ಸುಳಿ ತಿನ್ನದು? ಅದರ ಜೀವಕಣ. ಗಾಜಿನ ಬುರುಡೆಯಲ್ಲಿ ಬೆಳೆಸ್ತೀನಿ. ಹುಳಕ್ಕೆ ಮಾತ್ರ ಬರೋ ಬೇರೆ ಒಂದು ಕಾಯಿಲೆ ಇದೆ, ಅದರ ಹೆಗಲ ಮೇಲೆ ಅಂಗಿಯ ಅಳತೆ ಹೊರಿಸಿ ಒಳಗೆ ಕಳಿಸ್ತೀನಿ. ಕಣ ಹೊಲೀತದೆ. ಹೊಲ್ದು ಹೊಲ್ದು ಒಡೆದು ಸಾಯ್ತದೆ. ಅವಕ್ಕೆ ನಮ್ಮ ಸಾಗರದ ಹವೆ ಸರಿ, ಸೆಕೆನೂ ಅಲ್ಲ ಚಳಿನೂ ಅಲ್ಲ. ಇಲ್ಲದಿದ್ರೆ ನಾನೆಂತಕ್ಕೆ ಈ ಊರಿಗೆ ಬರ್ಬೇಕಿತ್ತು."

ಅಂಗಿ ಸರಿಯಾಗಿ ಹೊಲಿದಿದೆಯೋ ಇಲ್ಲವೋ ನೋಡಲು ಬೇಕಿದ್ದದ್ದು ಕೋಳಿಯ ರಕ್ತ. ಸಾಲುಸಾಲು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಪ್ರೋಟೀನು ಹಾಕಿ, ಮೇಲೆ ತೆಳುವಾಗಿ ಕದಡಿದ ರಕ್ತ ಬಿಡುತ್ತಿದ್ದರು. ಪ್ರೋಟೀನು ಸರಿ ಇದ್ದರೆ ರಕ್ತದ ಕಣಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸುತ್ತದಂತೆ, ಗುಳಿಯ ತುಂಬ ಕೆಂಪು ಪೊರೆ ಹಾಸಿದ ಹಾಗೆ. ಕೆಟ್ಟಿದ್ದರೆ ಎಲ್ಲವೂ ತಳಕ್ಕೆ ಜಾರಿ ನಡುವೆ ಒಂದು ಕುಂಕುಮದ ಬೊಟ್ಟಾಗುತ್ತದೆ. ನನಗೆ ಬೊಟ್ಟೇ ಚೆಂದ ಕಾಣುತ್ತಿತ್ತು. ಹಾಗೆಂದಾಗ ಮಂದಕ್ಕ ತಟ್ಟೆ ಎತ್ತಿ ಗೋಡೆಗೆ ಬೀಸಿದರು. "ಚೆಂದವಂತೆ. ವಾರ ಪೂರ್ತಿ ಮಾಡಿದ ಕೆಲಸ ಹೋಯ್ತು ಅಂತ ಅದರರ್ಥ."

ಆ ಗೋಡೆಯ ಬಗ್ಗೆ ಹೇಳಬೇಕು. ಅವರ ನಡುಮನೆಯ ಪೂರ್ವದ ಗೋಡೆಯ ತುಂಬ ಕಲೆಗಳಿದ್ದವು. ಕರೆಂಟು ಹೋಗಿ, ಬ್ಯಾಟರಿಯೂ ಸತ್ತು, ಬುರುಡೆಗಳನ್ನು ಅಲುಗಾಡಿಸುವ ಯಂತ್ರ ನಿಂತು ಹುಳದ ಕಣಗಳು ಉಸಿರುಗಟ್ಟಿ ಸತ್ತಾಗಲೆಲ್ಲ ಒಂದೊಂದು ಬುರುಡೆ ಆ ಗೋಡೆಗೆ ಹೋಗುತ್ತಿತ್ತು. ಒಡೆದ ಮೇಲೆ ತಾವೇ ಕೂತು ಚೂರು ಆಯುತ್ತಿದ್ದರು, ಬ್ಲೀಚಿಂಗ್ ನೀರು ಸುರಿದು ಒರೆಸುತ್ತಿದ್ದರು. ಅವರ ಉಗುರು ಸಂದಿಗಳು ಸದಾ ಬಿಳಿಚಿಕೊಂಡಿರುತ್ತಿದ್ದವು, ರವಿಕೆಯಲ್ಲಿ ಹುಕ್ಕಿನ ಬದಲು ಪಿನ್ನು. ಒಮ್ಮೆ ಕಂಬ ಹತ್ತಿದ್ದ ಲೈನ್‌ಮನ್‌ನನ್ನು ಇಳಿಯಲು ಬಿಡದೆ, ಕೆಳಗೆ ಕಲ್ಲು ಹಿಡಿದು ನಿಂತು, "ಕರೆಂಟು ಕೊಟ್ಟು ಇಳಿ, ಇಲ್ದಿದ್ರೆ ಅಲ್ಲೇ ಗೂಡು ಕಟ್ಕ" ಅಂದಿದ್ದರು. ಅವನು ಕೊಟ್ಟೇ ಇಳಿದ.

ಅಷ್ಟು ಒರೆಸುವವರು, ತೊಳೆಯುವವರು, ಒಂದು ವಿಷಯದಲ್ಲಿ ಮಾತ್ರ ವಿಚಿತ್ರ. ನಮ್ಮ ಕಡೆ ಇನ್ನೂ ಕೆಲವು ಮನೆಗಳಲ್ಲಿ ಬಂದವರಿಗೆ ಮೊದಲು ಕಾಲು ತೊಳೆಯಲು ನೀರು ಕೊಡುತ್ತಾರೆ. ನಮ್ಮ ಬೀದಿಯಲ್ಲೂ ರಾಮಣ್ಣನವರ ಮನೆಯಲ್ಲಿ, ಗಿರಿಜಳ ಮನೆಯಲ್ಲಿ, ನಮ್ಮಲ್ಲಿ, ಮೆಟ್ಟಿಲ ಪಕ್ಕ ಒಂದು ಚೆಂಬು ಇದ್ದೇ ಇರುತ್ತದೆ. ಮಂದಕ್ಕ ರಕ್ತ ಬೇಕಾದ ದಿನ ಬೆತ್ತದ ಕೋಳಿಬುಟ್ಟಿ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಒಂದೇ ಕೋಳಿಯಿಂದ ತೆಗೆದರೆ ಅದು ಸೋಲುತ್ತದೆ, ಹಾಗಾಗಿ ಈ ಮನೆಯಲ್ಲೊಂದು ಆ ಮನೆಯಲ್ಲೊಂದು. ನೀರು ಕೊಟ್ಟರೆ ಕೈ ಬೀಸುತ್ತಿದ್ದರು. "ಬೇಡ ಬೇಡ, ಮದುವೆಗೆ ಬಂದಿದ್ದಾ ನಾನು? ರಕ್ತ ಹೆಪ್ಪಾಗ್ತದೆ, ಹುಂಜ ಎಲ್ಲಿ?" ಅಂತ ಚಪ್ಪಲಿಯಲ್ಲೇ ನೇರ ಹಿತ್ತಿಲಿಗೆ. ರಾಮಣ್ಣನವರ ಹೆಂಡತಿಗೆ ಅದು ಸರಿ ಬರುತ್ತಿರಲಿಲ್ಲ. "ಓದಿದ್ದು ಜಾಸ್ತಿ ಆದ್ರೆ ಕಾಲು ಕೊಳೆ ಆಗದಿಲ್ಲ ಕಾಣ್ತದೆ" ಅಂತ ಅವರು ಅಂದದ್ದನ್ನು ನಾನೇ ಕೇಳಿಸಿಕೊಂಡಿದ್ದೆ.

ಗಿರಿಜಳ ವಿಷಯ ಹೇಳದೆ ಮುಂದೆ ಹೋಗಲಾಗುವುದಿಲ್ಲ. ನಮ್ಮ ಪಕ್ಕದ ಮನೆ. ಗಂಡ ಮಂಜಪ್ಪ ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಮಂದಕ್ಕನ ಯಂತ್ರಗಳನ್ನು ತಾಳಗುಪ್ಪದ ರೈಲಿನಿಂದ ಇಳಿಸಿ ತಂದವನೂ ಅವನೇ. ಕುಡಿದರೆ ಹೆಂಡತಿಯನ್ನು ಹೊಡೆಯುತ್ತಿದ್ದ. ಬೀದಿಯ ಎಲ್ಲ ಕಿಟಕಿಗಳೂ ಆಗ ಮೆಲ್ಲಗೆ ಮುಚ್ಚುತ್ತಿದ್ದವು. ನಾವು ರೇಡಿಯೋದ ಸದ್ದು ಸ್ವಲ್ಪ ಏರಿಸುತ್ತಿದ್ದೆವು. ಒಂದು ಮಧ್ಯಾಹ್ನ ಅವನು ಅವಳ ಜಡೆ ಹಿಡಿದು ಅಂಗಳಕ್ಕೆ ಎಳೆದು ತಂದು ಒದೆಯುತ್ತಿದ್ದ. ಮಂದಕ್ಕ ಕೈಗವಸು ಹಾಕಿದ್ದ ಹಾಗೇ ಹೊರಗೆ ಬಂದರು. ಕೈಯಲ್ಲಿ ಲ್ಯಾಬಿನ ಕಬ್ಬಿಣದ ಸ್ಟ್ಯಾಂಡು. ಮೊಣಕಾಲ ಹಿಂದಕ್ಕೆ ಒಂದು, ಬಿದ್ದ ಮೇಲೆ ಭುಜಕ್ಕೆ ಒಂದು. ಮಂಜಪ್ಪನ ಬಾಯಿಂದ ಬಂದ ಸದ್ದು ಗಂಡಸಿನದಾಗಿರಲಿಲ್ಲ, ಯಾವುದೋ ಪ್ರಾಣಿಯದಾಗಿತ್ತು. ಮೂರನೆಯದಕ್ಕೆ ಎತ್ತಿದಾಗ ಗಿರಿಜಳೇ ಓಡಿಬಂದು ಸ್ಟ್ಯಾಂಡು ಹಿಡಿದುಕೊಂಡಳು.

"ಸಾಕು ಬಿಡಿ ಮಂದಕ್ಕ, ಆಟೋ ಓಡ್ಸಕೆ ಕೈ ಬೇಕು ಅವ್ರಿಗೆ."

"ಹೊಡಿಯಕೂ ಅದೇ ಕೈ ಬೇಕಲ್ಲ" ಅಂದರು ಮಂದಕ್ಕ. ಆಮೇಲೆ ಅಲ್ಲೇ ಕೂತು ಅವನ ಭುಜ ತಡವಿ ನೋಡಿ, "ಮುರಿದಿಲ್ಲ. ಮುಂದಿನ ಸಲ ಮುರೀತದೆ" ಅಂತ ಎದ್ದು ಹೋದರು.

ಮುಂದಿನ ಸಲ ಬರಲಿಲ್ಲ. ಗಿರಿಜ ಕೋಳಿ ಸಾಕತೊಡಗಿದ್ದು ಆಮೇಲೆ. ಹಿತ್ತಿಲ ತುಂಬ ಕೋಳಿ. ಒಂದೊಂದಕ್ಕೂ ಹೆಸರು. ಅದು ಅವಳದೇ ಆದ ಮೊದಲ ಆಸ್ತಿ. ಮಂಜಪ್ಪ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಬೀದಿಯಲ್ಲಿ ಬೇರೆ ಯಾರಾದರೂ ರಕ್ತ ಕೊಡಲು ಗೊಣಗಬಹುದಿತ್ತು. ಅವಳು ಮಾತ್ರ ತಾನೇ ಹಿಡಿದು ತಂದುಕೊಡುತ್ತಿದ್ದಳು. "ನಮ್ಮ ರಾಣಿದು ತಗಳಿ ಮಂದಕ್ಕ, ಅವಳದ್ದು ರಕ್ತ ಗಟ್ಟಿ."

ಆ ಕೋಳಿಗಳು ಸತ್ತವು.

ಸುಮ್ಮನೆ ಸಾಯಲಿಲ್ಲ. ಮೊದಲು ತೂಕಡಿಸಿದವು, ಹಸಿರು ಹಿಕ್ಕೆ ಹಾಕಿದವು. ಆಮೇಲೆ ಕತ್ತು ತಿರುಚಿಕೊಂಡಿತು. ಯಾರೋ ಕಾಣದ ಕೈ ಹಿಡಿದು ಬಟ್ಟೆ ಹಿಂಡುವ ಹಾಗೆ. ತಲೆ ಆಕಾಶಕ್ಕೆ ಮಾಡಿಕೊಂಡು, ಹಿಂದುಹಿಂದಕ್ಕೆ ನಡೆಯುತ್ತ, ಗೋಡೆಗೆ ಬಡಿದು ಬೀಳುತ್ತಿದ್ದವು. ಬಿದ್ದಲ್ಲೇ ಸುತ್ತುತ್ತಿದ್ದವು. ಗಿರಿಜ ರಾಣಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಕತ್ತನ್ನು ಮತ್ತೆ ಮತ್ತೆ ನೆಟ್ಟಗೆ ಮಾಡುತ್ತಿದ್ದಳು. ಬಿಟ್ಟ ಕೂಡಲೇ ಅದು ಮತ್ತೆ ತಿರುಚಿಕೊಳ್ಳುತ್ತಿತ್ತು. ನಾನು ಬೇಲಿಯಾಚೆ ನಿಂತು ನೋಡಿದೆ.

ನಮ್ಮ ಊರುಗಳು ಮಂಗನ ಕಾಯಿಲೆ ಕಂಡ ಊರುಗಳು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆಯೆಂದರೆ ಜನ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಯಾವುದಾದರೂ ಪ್ರಾಣಿ ಗುಂಪಾಗಿ ಸತ್ತರೆ ಮುಂದಿನ ಸರದಿ ಯಾರದೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಲಾಖೆಯವರು ಬಂದು ಸತ್ತ ಕೋಳಿಗಳನ್ನು ಚೀಲದಲ್ಲಿ ಕಟ್ಟಿ ಪರೀಕ್ಷೆಗೆ ಒಯ್ದರು. ಅವರು ಹೋದ ಬೆನ್ನಿಗೇ ಚಹದಂಗಡಿಯಲ್ಲಿ ಮಾತು ಎದ್ದಿತು. ಎದುರು ಮನೆಯಲ್ಲಿ ಆಕೆ ಬಾಟಲಿಯಲ್ಲಿ ಹಕ್ಕಿಜ್ವರ ಬೆಳೆಸುತ್ತಾಳೆ, ಕೋಳಿಗೆ ಸೂಜಿ ಚುಚ್ಚುವುದು ರಕ್ತ ತೆಗೆಯಲು ಅಲ್ಲ, ಒಳಗೆ ಹಾಕಲು.

ಮರುದಿನ ಬೆಳಿಗ್ಗೆ ಮಂದಕ್ಕ ನಮ್ಮ ಅಂಗಳದ ಕಟ್ಟೆಗೆ ಬಂದು ಕೂತರು. ಹಾಗೆ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ರಬ್ಬರಿನ ಹಳೆಯ ಚಪ್ಪಲಿ, ಹಿಮ್ಮಡಿಯ ಹತ್ತಿರ ಸವೆದು ತೆಳುವಾಗಿತ್ತು, ಗೀರುಗಳಲ್ಲಿ ಮಣ್ಣು.

"ಇದು ಫ್ಲೂ ಅಲ್ಲ ಕಾನ್ವೆಂಟು. ಕತ್ತು ನೋಡಿದ್ರೆ ಕೊಕ್ಕರೆ ರೋಗ. ಕೋಳಿಗೆ ಬರೋ ಹಳೇ ಕಾಯಿಲೆ, ಬೇರೆ ವೈರಸ್ಸು. ನನ್ನ ಲ್ಯಾಬಿನಲ್ಲಿ ಅದು ಇಲ್ಲವೇ ಇಲ್ಲ."

"ಹಾಗಾದ್ರೆ ಹೇಳಿಬಿಡಿ ಎಲ್ಲರಿಗೂ."

"ಕೇಳು ಪೂರ್ತಿ. ಕೊನೇ ಸಲ ರಕ್ತಕ್ಕೆ ಹೊರಟ ದಿನ ಮೊದ್ಲು ರಾಮಣ್ಣನ ಮನೆಗೆ ಹೋದೆ. ಅವರ ಹುಂಜ ತೂಕಡಿಸ್ತಿತ್ತು. ಸೆಕೆಗೆ ಅಂದ್ಕಂಡೆ. ರಕ್ತ ತೆಗೆದು, ಅದೇ ಬುಟ್ಟಿ, ಇದೇ ಚಪ್ಪಲಿ, ನೇರ ಗಿರಿಜನ ಹಿತ್ತಿಲಿಗೆ. ಅವಳು ನೀರು ಕೊಟ್ಟಳು. ಬೇಡ ಅಂದೆ." ಚಪ್ಪಲಿಯ ಗೀರಿನ ಮಣ್ಣನ್ನು ಉಗುರಿನಿಂದ ಕೆರೆದರು. "ಕೊಕ್ಕರೆ ರೋಗ ಕಾಲಿಗೆ ಅಂಟಿಕೊಂಡು ಹೋಗ್ತದೆ. ಮೊದಲ ವರ್ಷದ ಹುಡುಗರಿಗೆ ಪಾಠ ಮಾಡಿದ್ದೀನಿ ನಾನು ಇದನ್ನ."

"ಕೋಳಿ ವ್ಯಾಪಾರದವರು ಬರ್ತಾರೆ. ಕಾಗೆ ಬರ್ತದೆ. ನಿಮ್ಮಿಂದಲೇ ಅಂತ ಹೇಗೆ ಹೇಳ್ತೀರಿ?"

"ನನ್ನಿಂದಲೇ ಅಂತ ಹೇಳ್ಲಿಲ್ಲ. ಗೊತ್ತಿಲ್ಲ ಅಂದೆ."

ಅದೇ ದಿನ ಹತ್ತು ಗಂಟೆಯ ಬಿಸಿಲಿಗೆ ಜನ ಬಂದರು. ನಮ್ಮ ಬೀದಿಯವರಷ್ಟೇ ಅಲ್ಲ, ಆಚೆ ಬೀದಿಯವರು, ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಲ್ಲುವವರು, ಕೋಳಿಯೇ ಸಾಕದವರು. ಮಂಜಪ್ಪನ ಕೈಯಲ್ಲಿ ಹಾರೆಕೋಲು. ಗಿರಿಜಳ ಸೀರೆಯ ಮಡಿಲಿನಲ್ಲಿ ಇನ್ನೂ ಪುಕ್ಕ ಅಂಟಿತ್ತು. ನಮ್ಮ ಮನೆಯವರು ಒಳಗಿನಿಂದ ಕರೆಯುತ್ತಿದ್ದರು, ನಾನು ಹೋಗಲಿಲ್ಲ. ಮಂದಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ನಿಂತಿದ್ದರು. ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ. ಧೈರ್ಯದಿಂದಲ್ಲ, ಕಾಲು ಹಾಗೆ ಹೋಯಿತು.

ರಾಮಣ್ಣ ಜನರನ್ನು ತಡೆದು ಮುಂದೆ ಬಂದರು. ಬೀದಿಯ ಕೊನೆಯಲ್ಲಿರುವ ಚೌಡಿಯ ಕಟ್ಟೆಗೆ ದೀಪ ಹಚ್ಚುವವರು ಅವರು. ಅವರ ಮಾತಿಗೆ ಬೆಲೆಯಿತ್ತು. ಕೈಯಲ್ಲಿ ಹಿತ್ತಾಳೆ ತಟ್ಟೆ, ಅದರಲ್ಲಿ ಕರ್ಪೂರ.

"ಅಮ್ಮ, ನೀವು ಓದಿದೋರು. ನೀವು ಹೇಳೋ ಪ್ರೋಟೀನು ಗೀಟೀನು ನಮಗೆ ತಿಳಿಯದಿಲ್ಲ. ನಮಗೆ ತಿಳಿಯೋ ಹಾಂಗೆ ಒಂದು ಮಾತು ಹೇಳಿ. ಈ ಕೋಳಿ ಸತ್ತಿದ್ದು ನಿಮ್ಮಿಂದ ಅಲ್ಲ ಅಂತ ಚೌಡಮ್ಮನ ಹೆಸರಲ್ಲಿ ಕರ್ಪೂರದ ಮೇಲೆ ಕೈಯಿಟ್ಟು ಹೇಳಿ. ಯಾರೂ ನಿಮ್ಮ ಹೊಸಿಲು ದಾಟದಿಲ್ಲ. ನಾನು ನಿಂತ್ಕಂತೀನಿ ಬಾಗಿಲಲ್ಲಿ."

ಅವರು ನಿಂತುಕೊಳ್ಳುತ್ತಿದ್ದರು. ಅದರಲ್ಲಿ ಸಂಶಯವಿಲ್ಲ. ಜನವೂ ಕೇಳುತ್ತಿತ್ತು. ನಮ್ಮ ಕಡೆ ಚೌಡಿಯ ಮೇಲಿನ ಆಣೆಯನ್ನು ಯಾರೂ ಮೀರುವುದಿಲ್ಲ. ಕಡ್ಡಿ ಗೀರಿದರು, ಕರ್ಪೂರ ಹತ್ತಿತು. ಮಂಜಪ್ಪನ ಹಾರೆಯ ತುದಿ ನೆಲಕ್ಕೆ ಇಳಿಯಿತು. ಅವರಿಗೂ ಒಡೆಯುವುದಕ್ಕಿಂತ ಮನೆಗೆ ಹೋಗುವುದೇ ಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮಂದಕ್ಕ ಬೆಂಕಿಯನ್ನು ನೋಡಿದರು. ಆಮೇಲೆ ಗಿರಿಜಳನ್ನು ನೋಡಿದರು.

"ನನ್ನ ಲ್ಯಾಬಿನಲ್ಲಿ ಕೋಳಿಗೆ, ಮನುಷ್ಯರಿಗೆ ಬರೋ ಕಾಯಿಲೆ ಇಲ್ಲ. ಅದಕ್ಕೆ ಬೇಕಾದ್ರೆ ಕೈ ಸುಟ್ಕತೀನಿ. ಕೋಳಿ ಸತ್ತಿದ್ದು ನನ್ನಿಂದ ಅಲ್ಲ ಅನ್ನಕಾಗಲ್ಲ."

"ಅಂದ್ರೆ?"

"ಗೊತ್ತಿಲ್ಲ."

ಗುಂಪಿನಲ್ಲಿ ಒಂದು ಗುರುಗುಟ್ಟುವ ಸದ್ದು ಎದ್ದಿತು. ಕರ್ಪೂರ ಇನ್ನೂ ಉರಿಯುತ್ತಿತ್ತು, ಅದು ಬೇಗ ಮುಗಿಯುವ ಬೆಂಕಿ. ನಾನು ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ. "ಮಂದಕ್ಕ, ಹೇಳಿಬಿಡಿ. ಒಂದು ಮಾತು. ನಿಮ್ಮ ಲ್ಯಾಬು ಉಳೀತದೆ. ದೇವರಿಗೆ ಗೊತ್ತಾಗ್ತದೆ, ಕ್ಷಮಿಸ್ತಾನೆ."

ಅವರು ತಿರುಗಿ ನನ್ನ ಕೆನ್ನೆಗೆ ಹೊಡೆದರು. ಕಣ್ಣ ಮುಂದೆ ಬಿಳಿ ಚುಕ್ಕೆಗಳು ಎದ್ದವು, ಕಿವಿಯ ಓಲೆ ಕಳಚಿ ಎಲ್ಲೋ ಬಿತ್ತು. ನಾನು ಹುಟ್ಟಿದ ಮೇಲೆ ನನ್ನನ್ನು ಯಾರೂ ಹೊಡೆದಿರಲಿಲ್ಲ, ಸಿಸ್ಟರ್‌ಗಳೂ ಹೊಡೆದಿರಲಿಲ್ಲ. ಆ ದಿನ ಮಂದಕ್ಕ ಹೊಡೆದದ್ದು ನನ್ನೊಬ್ಬಳನ್ನೇ.

ಮೊದಲ ಕಲ್ಲು ಗಿರಿಜಳದು. ಮಂದಕ್ಕನ ಹುಬ್ಬಿನ ಮೇಲೆ ತಗುಲಿತು. ಒಂದು ಕ್ಷಣ ಗಾಯ ಅಲ್ಲಿ ಬಿಳಿಯಾಗಿ ಬಾಯಿ ತೆರೆದುಕೊಂಡಿತು, ಆಮೇಲೆ ರಕ್ತ ಕಣ್ಣಿಗೆ ಇಳಿಯಿತು. ಗಿರಿಜ ತನ್ನ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ಎಲ್ಲರೂ ನುಗ್ಗಿದರು. ರಾಮಣ್ಣನವರ ತಟ್ಟೆ ಕಾಲಡಿಗೆ ಹೋಯಿತು. ನನ್ನನ್ನು ಯಾರೋ ಗೋಡೆಗೆ ತಳ್ಳಿದರು. ಒಳಗಿನಿಂದ ಬಂದ ಸದ್ದನ್ನು ನಾನು ಮರೆಯಲಾರೆ. ಅದು ಮೊದಲು ಒಂದೊಂದಾಗಿ ಇತ್ತು, ಬುರುಡೆ, ಬಾಟಲಿ, ತಟ್ಟೆ. ಆಮೇಲೆ ಸೇರಿಕೊಂಡು ಒಂದೇ ಸುರಿಮಳೆಯಾಯಿತು. ಅಲುಗಾಡಿಸುವ ಯಂತ್ರವನ್ನು ಹಾರೆಯಿಂದ ಮೀಟಿ ಕಿತ್ತರು, ಅದು ನೆಲದ ಮೇಲೂ ಸ್ವಲ್ಪ ಹೊತ್ತು ಅಲುಗಾಡಿತು. ಫ್ರೀಜರನ್ನು ಬಾಗಿಲವರೆಗೆ ಎಳೆದು ಮೆಟ್ಟಿಲ ಮೇಲಿಂದ ಉರುಳಿಸಿದರು. ಬೆರಳುದ್ದದ ನಳಿಕೆಗಳು ಸಾವಿರ ಚೆಲ್ಲಿ ಬಿಸಿಲಿನಲ್ಲಿ ಬೆವರಿದವು. ಪ್ರತಿಯೊಂದರ ಮೇಲೂ ಅವರ ಸಣ್ಣ ಅಕ್ಷರ. ಜನ ಅದರ ಮೇಲೆ ಕುಣಿದರು.

ಮಂದಕ್ಕ ಮೆಟ್ಟಿಲ ಬದಿಗೆ ಕೂತಿದ್ದರು. ಕಂಬ ಹತ್ತಿದವನಿಗೆ ಕಲ್ಲು ತೋರಿಸಿದ ಹೆಂಗಸು, ಮಂಜಪ್ಪನನ್ನು ಮಲಗಿಸಿದ ಹೆಂಗಸು, ಕೈ ಎತ್ತಲಿಲ್ಲ. ಎರಡೂ ಕೈಯನ್ನು ತೊಡೆಯ ಸಂದಿಯಲ್ಲಿಟ್ಟು ಅದುಮಿಕೊಂಡಿದ್ದರು, ಹುಂಜವನ್ನು ಅದುಮುವ ಹಾಗೆ.

ಆಗ ಒಳಗಿನಿಂದ ಒಂದು ಕಿರುಚಾಟ. ಮಂಜಪ್ಪ ಕುಂಟುತ್ತ ಬಂದು ಹೊಸಿಲಲ್ಲಿ ಬಿದ್ದ. ಗದ್ದಲದಲ್ಲಿ ಚಪ್ಪಲಿ ಕಳಚಿ, ಬರಿಗಾಲು ನೇರ ಒಡೆದ ಬುರುಡೆಯ ತಳದ ಮೇಲೆ ಹೋಗಿತ್ತು. ಗಾಜು ಅಂಗಾಲಿನೊಳಗೆ ನಿಂತಿತ್ತು. ರಕ್ತ ಬುಳುಬುಳು ಬರುತ್ತಿತ್ತು. ಅವನ ಜೊತೆ ಬಂದವರು ಕಾಲು ನೋಡಿ ಹಿಂದೆ ಸರಿದರು. ಬಾಟಲಿಯ ಗಾಜು, ಬಾಟಲಿಯೊಳಗಿನ ನೀರು. ಯಾರೂ ಮುಟ್ಟಲಿಲ್ಲ. ಗಿರಿಜ ಕೂಡ ಗೇಟಿನಲ್ಲೇ ನಿಂತಳು.

ಮಂದಕ್ಕ ಎದ್ದರು. ಅವನ ಕಾಲನ್ನು ಎಳೆದು ತೊಡೆಯ ಮೇಲೆ ಹಾಕಿ, ಮೊಣಕೈಯಿಂದ ಅದುಮಿ ಹಿಡಿದರು. ಅವರ ಹುಬ್ಬಿನ ರಕ್ತ ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ಕಾನ್ವೆಂಟು, ನಿನ್ನ ಸೆರಗು ಹರಿ."

ಹರಿದೆ. ಗಾಜು ಕೀಳುವಾಗ ಮಂಜಪ್ಪ ಮಕ್ಕಳ ಹಾಗೆ ಅತ್ತ. ಅತ್ತದ್ದು ನೋವಿಗಲ್ಲ. "ಸಾಯ್ತೀನಾ ಮಂದಕ್ಕ? ನನ್ನ ಕತ್ತೂ ಹಾಂಗೇ ತಿರುಗ್ತದನಾ? ಇದ್ರಲ್ಲಿ ಕಾಯಿಲೆ ಇತ್ತಾ?"

"ಇಲ್ಲ."

"ಆಣೆ ಹಾಕಿ ಹೇಳಿ."

"ಚೌಡಿ ಆಣೆ, ನಮ್ಮಮ್ಮನ ಆಣೆ, ಯಾರ ಆಣೆ ಬೇಕು ಹೇಳು. ಇದು ನಂಗೆ ಗೊತ್ತು ಕಣೋ. ಅದು ಗೊತ್ತಿರ್ಲಿಲ್ಲ." ಬಟ್ಟೆಯನ್ನು ಬಿಗಿದು ಗಂಟು ಹಾಕಿದರು. "ಟಿಟಿ ಇಂಜೆಕ್ಷನ್ ಹಾಕ್ಸ್ಕ. ಈಗ್ಲೇ ಹೋಗು."

ಒಳಗಿದ್ದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಅವರ ಕೈಯಲ್ಲಿದ್ದುದನ್ನು ಎಲ್ಲಿ ಇಡುವುದೆಂದು ಅವರಿಗೆ ತಿಳಿಯಲಿಲ್ಲ. ಒಬ್ಬ ಒಂದು ತಕ್ಕಡಿ ಹಿಡಿದಿದ್ದ, ಅದನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟು ಹೋದ.

ಪರೀಕ್ಷೆಯ ಫಲಿತಾಂಶ ಬಂದದ್ದು ಆಮೇಲೆ. ಹಕ್ಕಿಜ್ವರ ಅಲ್ಲ, ಕೊಕ್ಕರೆ ರೋಗ. ಎಲ್ಲಿಂದ ಬಂತು ಅಂತ ಯಾವ ಪರೀಕ್ಷೆಯೂ ಹೇಳಲಿಲ್ಲ. ಪೊಲೀಸರು ಬಂದು ಮಂದಕ್ಕನನ್ನು ಕೇಳಿದರು, ಯಾರ ಮೇಲೆ ದೂರು ಕೊಡುತ್ತೀರಿ ಅಂತ. ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದರು, ಒಂದು ಕಣ್ಣು ಊದಿ ಮುಚ್ಚಿತ್ತು. "ಯಾರ ಮೇಲೆ ಕೊಡ್ಲಿ? ನನ್ನ ಕಾಲಿನ ಮೇಲಾ?" ಅಂದರು. ಪೊಲೀಸರಿಗೆ ಅರ್ಥವಾಗಲಿಲ್ಲ. ರಾಮಣ್ಣನವರಿಗೆ ಆಯಿತು, ತಲೆ ತಗ್ಗಿಸಿದರು.

ಮನೆ ಖಾಲಿ ಮಾಡುವ ಮೊದಲು ಅವರು ಒಂದು ಕೆಲಸ ಮಾಡಿದರು. ಕೋಳಿಗೆ ಹಾಕುವ ಲಸಿಕೆ ತರಿಸಿ, ಬೀದಿಯಲ್ಲಿ ಉಳಿದಿದ್ದ ಮರಿಗಳಿಗೆಲ್ಲ ಕಣ್ಣಿಗೆ ಹನಿ ಹಾಕಲು ಹೊರಟರು. ಕೋಳಿಗೆ ಲಸಿಕೆ ಹಾಕಿಸಿ ಅಂತ ಅವರು ಮೊದಲೇ ಎಲ್ಲರಿಗೂ ಹೇಳಿದ್ದರು, ಬೈದಿದ್ದರು ಕೂಡ. ತಾವೇ ಹಾಕಲು ಪುರುಸೊತ್ತಾಗಿರಲಿಲ್ಲ. ಈ ಸಲ ಪ್ರತಿ ಗೇಟಿನ ಹೊರಗೆ ನಿಲ್ಲುತ್ತಿದ್ದರು. ಬರಿಗಾಲು. ಒಂದು ಬಕೆಟಿನಲ್ಲಿ ಬ್ಲೀಚಿಂಗ್ ನೀರು ತಂದು ಮೊದಲು ಅದರಲ್ಲಿ ಕಾಲು ಅದ್ದಿ, ಆಮೇಲೆ ಮನೆಯವರು ನೀರು ಕೊಡುವ ತನಕ ಕಾಯುತ್ತಿದ್ದರು. ಕೊಟ್ಟ ಮೇಲೆ ಹಿಮ್ಮಡಿ, ಬೆರಳ ಸಂದಿ, ಎಲ್ಲ ತೊಳೆದು ಒಳಗೆ.

ಗಿರಿಜಳ ಗೇಟಿನಲ್ಲಿ ಬಹಳ ಹೊತ್ತು ನಿಂತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಳಗೆ ಓಡಾಟದ ಸದ್ದಿಲ್ಲ, ಬಾಗಿಲು ತೆರೆಯಲಿಲ್ಲ. ಅವರು ಕೂಗಲೂ ಇಲ್ಲ, ಗೇಟು ಬಡಿಯಲೂ ಇಲ್ಲ. ಕೊನೆಗೆ ಗಿರಿಜ ಹೊರಗೆ ಬಂದಳು. ಚೆಂಬನ್ನು ಗೇಟಿನ ಕಂಬದ ಮೇಲಿಟ್ಟು, ಮುಖ ನೋಡದೆ ಒಳಗೆ ಹೋದಳು. ಬಾಗಿಲನ್ನು ಮಾತ್ರ ಹಾಕಿಕೊಳ್ಳಲಿಲ್ಲ.

ಎಲ್ಲ ಮುಗಿದ ಮೇಲೆ ನಮ್ಮ ಮನೆಗೆ ಬಂದರು. ನಮ್ಮಲ್ಲಿ ಕೋಳಿ ಇರಲಿಲ್ಲ.

"ನೀರು ಕೊಡೇ ಕಾನ್ವೆಂಟು."

ಕೊಟ್ಟೆ. ತೊಳೆದುಕೊಂಡು ಒಳಗೆ ಬಂದು ಕೂತರು. ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿತು, ಎಡಗಾಲಿನ ಕಿರುಬೆರಳು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಅಷ್ಟು ವರ್ಷ ನೋಡಿದ್ದರೂ ನನಗೆ ಗೊತ್ತಿರಲಿಲ್ಲ, ಚಪ್ಪಲಿ ಬಿಟ್ಟದ್ದನ್ನು ನೋಡಿರಲಿಲ್ಲವಲ್ಲ. ಕಾಫಿ ಕುಡಿಯುತ್ತ ನನ್ನ ಮುಖವನ್ನೇ ನೋಡಿದರು.

"ಕೆನ್ನೆ ನೋವಿದ್ಯನೇ?"

"ಇಲ್ಲ ಮಂದಕ್ಕ."

"ಸುಳ್ಳು ಹೇಳ್ಬೇಡ."

"ಸ್ವಲ್ಪ ಇದೆ."

"ಹ್ಞಾಂ. ಹಾಂಗೆ ಹೇಳು." ಲೋಟ ಕೆಳಗಿಟ್ಟರು. ತಾಳಗುಪ್ಪದ ರೈಲು ಹತ್ತಬೇಕಿತ್ತು. ಒಯ್ಯಲು ದೊಡ್ಡ ಸಾಮಾನೇನೂ ಉಳಿದಿರಲಿಲ್ಲ. ಮಂಜಪ್ಪ ಕಾಲಿಗೆ ಪಟ್ಟಿ ಕಟ್ಟಿಕೊಂಡೇ ಆಟೋ ತಂದು ನಿಲ್ಲಿಸಿದ್ದ, ಯಾರೂ ಅವನನ್ನು ಕರೆದಿರಲಿಲ್ಲ. ಮಂದಕ್ಕ ಅವನ ಪಕ್ಕ ಹತ್ತಿ ಕೂತರು. ಆಮೇಲೆ ನಾನು ಅವರನ್ನು ನೋಡಿಲ್ಲ. ಅವರ ಫೋನು ಬಹಳ ದಿನ ರಿಂಗಾಗುತ್ತಿತ್ತು, ಆಮೇಲೆ ಅದೂ ನಿಂತಿತು. ಎದುರು ಮನೆಗೆ ಬೇರೆಯವರು ಬಂದಿದ್ದಾರೆ, ಪೂರ್ವದ ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದರೂ ಕಲೆ ಮೇಲೆ ಬರುತ್ತದೆಯಂತೆ.

ಈಚೆಗೆ ತೀರ್ಥಹಳ್ಳಿಯಲ್ಲಿ ಒಂದು ಉಪನಯನಕ್ಕೆ ಹೋಗಿದ್ದೆ. ಊಟದ ಸಾಲಿನಲ್ಲಿ ಪಕ್ಕ ಕೂತ ಹೆಂಗಸು, ಮಂದಕ್ಕನ ಕಡೆಯ ದೂರದ ಸಂಬಂಧಿ, ನಾನು ಸಾಗರದವಳೆಂದು ತಿಳಿದ ಕೂಡಲೇ ದನಿ ತಗ್ಗಿಸಿದರು. "ಮಂದಾಕಿನಿ ಇದ್ದಿದ್ದು ನಿಮ್ಮ ಬೀದಿಯಲ್ಲೇ ಅಂತಲ್ಲ? ಊರಿನ ಕೋಳಿ ಎಲ್ಲ ಸತ್ತಿದ್ದು ಅವಳಿಂದಲೇ ಅಂತಾರೆ, ಹೌದನಾ?"

ಅಲ್ಲ, ಅವರಿಂದಲ್ಲ, ಅವರು ಎಂಥವರೆಂದು ನಿಮಗೆ ಗೊತ್ತಿಲ್ಲ. ಇಷ್ಟೂ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎಡಗೆನ್ನೆ ಬಿಸಿಯಾಯಿತು.

"ಗೊತ್ತಿಲ್ಲ" ಅಂದೆ.